ಗೂರಲು ರೋಗದಲ್ಲಿ ಗ್ರಾಹಕಗಳ ಮಾರ್ಪಾಟು: ಮಂಡ್ಯ ಸೀಮೆಯ ರೇಷ್ಮೆಗೂಡಿನಿಂದ ಹೊರಟ ಒಂದು ವಿವೇಚನೆ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಆಧುನಿಕ ಚರಿತ್ರೆಯನ್ನು ಬರೆಯ ಹೊರಟವರು ಸಾಮಾನ್ಯವಾಗಿ ನೀರಿನಿಂದ ಮೊದಲುಮಾಡುವರು. ೧೯೧೧ರಲ್ಲಿ ಕನ್ನಂಬಾಡಿಯ ಬಳಿ ಆರಂಭವಾದ ಕಟ್ಟೆಯ ಕೆಲಸ, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆ, ೧೯೩೩ರ ಮೈಸೂರು ಸಕ್ಕರೆ ಕಂಪನಿ, ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದು, ಇವೆಲ್ಲ ವಿದ್ಯಾರ್ಥಿಗಳಿಗೆ ಕಂಠಪಾಠವಾಗಿರುವ ಸಂಗತಿಗಳು. ಇದೇ ನೆಲದ ಜನರು ಉಸಿರಾಡಿದ ಗಾಳಿಗೂ ಒಂದು ಚರಿತ್ರೆಯುಂಟು. ಆಲೆಮನೆಯ ಹೊಗೆ, ಕಬ್ಬಿನ ತರಗನ್ನು ಸುಡುವ ಕಮಟು, ಮಾಗಿಯ ಮುಂಜಾವಿನಲ್ಲಿ ಗದ್ದೆಬಯಲ ಮೇಲೆ ನಿಲ್ಲುವ ಮಂಜು, ರೇಷ್ಮೆಗೂಡು ಬೇಯಿಸುವ ಬಾನಿಯಿಂದೇಳುವ ಹಬೆ, ಇವುಗಳನ್ನು ದಾಖಲೆ ಮಾಡಿದವರು ಕಡಮೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಆ ಚರಿತ್ರೆಯ ಒಂದು ಸಣ್ಣ ತುಣುಕನ್ನು. ಅದೂ ಬರಿಗಣ್ಣಿಗೆ ಕಾಣದ ತುಣುಕನ್ನು.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ಪ್ರಶ್ನೆ ನಮ್ಮ ತರಗತಿಯಲ್ಲಿಯೇ ಹುಟ್ಟಿತು. ಮಳವಳ್ಳಿಯ ಕಡೆಯ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ತಿಂಗಳಿಗೆ ನಾಲ್ಕಾರು ದಿನ ತಪ್ಪದೆ ಗೈರುಹಾಜರಾಗುತ್ತಿದ್ದನು. ವಿಚಾರಿಸಲಾಗಿ, ತಾಯಿಗೆ ಗೂರಲು, ರಾತ್ರಿಯೆಲ್ಲ ಕುಳಿತೇ ಇರುವರು, ಬೆಳಗ್ಗೆ ಸೂಜಿ ಹಾಕಿಸಲು ಕರೆದೊಯ್ಯಬೇಕು ಎಂದನು. ಆಕೆ ರೇಷ್ಮೆನೂಲು ಬಿಚ್ಚುವ ಕೆಲಸದಲ್ಲಿ ಹನ್ನೊಂದು ವರ್ಷ ಯಾವ ತೊಂದರೆಯೂ ಇಲ್ಲದೆ ಇದ್ದವರು. ಹನ್ನೆರಡನೆಯ ವರ್ಷ ಮೊದಲು ಸೀನು, ಆಮೇಲೆ ಕೆಮ್ಮು, ಆಮೇಲೆ ಉಬ್ಬಸ. ಕೆಲಸವನ್ನು ಬಿಡಿಸಿದರು. ರೋಗ ಬಿಡಲಿಲ್ಲ, ಗೂಡಿನ ವಾಸನೆಗೆ ಮಾತ್ರ ಬರುತ್ತಿದ್ದುದು ಈಗ ಊದುಬತ್ತಿಗೂ ಒಲೆಯ ಹೊಗೆಗೂ ಥಂಡಿಗಾಳಿಗೂ ಬರತೊಡಗಿತು. “ಹನ್ನೊಂದು ವರ್ಷ ಏನೂ ಮಾಡ್ದೇ ಇದ್ದ ಗೂಡು ಹನ್ನೆರಡ್ನೇ ವರ್ಷ ಯಾಕ್ ಸಾರ್ ಹಿಂಗ್ ಮಾಡ್ತು? ಕೆಲ್ಸ ಬಿಟ್ ಮ್ಯಾಲೂ ಯಾಕ್ ಬಿಡ್ನಿಲ್ಲ?” ಎಂದು ಅವನು ಕೇಳಿದನು. ಇದು ಕಾರಣವನ್ನೂ ಕಾಲವನ್ನೂ ಕುರಿತ ಪ್ರಶ್ನೆ. ಅದಕ್ಕೆ ಉತ್ತರ ಹೇಳಲಾಗದೆ ನಾವು ಶರೀರಶಾಸ್ತ್ರದ ಸಹೋದ್ಯೋಗಿಗಳ ಬಾಗಿಲು ತಟ್ಟಿದೆವು. ಅವರು ಕೊಟ್ಟ ಲೇಖನಗಳನ್ನು ಎರಡು ಬೇಸಗೆ ರಜೆಗಳಲ್ಲಿ ಓದಿದೆವು. ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಹೆಸರಿನ ಮಾತು. ನಮ್ಮ ಜನ ಇದನ್ನು ಗೂರಲು, ಉಬ್ಬಸ, ದಮ್ಮು ಎಂದು ಮೂರು ಬಗೆಯಾಗಿ ಕರೆಯುವರು. ಗೂರಲು ಎಂಬುದು ಎದೆಯೊಳಗಿನ ಸದ್ದನ್ನು ಹಿಡಿದ ಮಾತು, ಉಬ್ಬಸವೆಂಬುದು ಎದೆಯ ಏರಿಳಿತವನ್ನು. ಚರಕಸಂಹಿತೆಯಲ್ಲಿ ತಮಕಶ್ವಾಸವೆಂಬ ಹೆಸರಿನಲ್ಲಿ ಇದರ ವರ್ಣನೆಯಿದೆ. ಮೋಡ, ಮಳೆ, ಥಂಡಿ, ಮೂಡಣ ಗಾಳಿಗಳಿಂದ ಹೆಚ್ಚುವುದೆಂದೂ ಮಲಗಿದರೆ ಕಷ್ಟವಾಗಿ ಕುಳಿತರೆ ತುಸು ಸುಖವೆಂದೂ ಅಲ್ಲಿ ಹೇಳಿದೆ. ರೋಗಿಯನ್ನು ಕಣ್ಣಾರೆ ಕಂಡವರು ಬರೆದ ಮಾತೆಂಬುದರಲ್ಲಿ ಸಂದೇಹವಿಲ್ಲ. ರೋಗವು ಹಳೆಯದು. ಅದರ ಒಳಗಿನ ಯಂತ್ರವು ತಿಳಿದುಬಂದುದು ಮಾತ್ರ ಈಚಿನ ನೂರಿಪ್ಪತ್ತು ವರ್ಷಗಳಲ್ಲಿ.

ಇನ್ನು ಗೂಡಿನ ಮಾತು. ಮಳವಳ್ಳಿಯೆಂದರೆ ಇತಿಹಾಸದ ವಿದ್ಯಾರ್ಥಿಗೆ ೧೭೯೯ರ ಮಾರ್ಚ್ ೨೭ರ ಕಾಳಗ ನೆನಪಾಗುವುದು. ಆ ಕಾಳಗದಲ್ಲಿ ಸೋತ ಟಿಪ್ಪೂಸುಲ್ತಾನನೇ ಮೈಸೂರು ಸೀಮೆಯಲ್ಲಿ ರೇಷ್ಮೆಯ ವ್ಯವಸಾಯಕ್ಕೆ ಪ್ರೋತ್ಸಾಹವಿತ್ತವನು. ಇಂದು ಮಳವಳ್ಳಿ ಮದ್ದೂರುಗಳ ಕಡೆ ಹಿಪ್ಪುನೇರಳೆಯ ತೋಟವಿಲ್ಲದ ಹಳ್ಳಿ ವಿರಳ. ಹುಳುವು ಚಂದ್ರಿಕೆಯ ಮೇಲೆ ಗೂಡು ಕಟ್ಟುವುದು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಸಡಿಲಗೊಂಡು ನೂಲು ಬಿಚ್ಚಿಬರುವುದು. ಒಳಗಿನ ಕೋಶಾವಸ್ಥೆಯ ಹುಳು ಬಾನಿಯಲ್ಲಿ ಉಳಿಯುವುದು. ಈ ಗೋಂದು, ಈ ಹುಳು, ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯ ರೆಕ್ಕೆಯಿಂದ ಉದುರುವ ಪುಡಿ, ಇವೆಲ್ಲ ಪ್ರೋಟೀನುಗಳು. ಹಬೆಯೊಡನೆಯೂ ದೂಳಿನೊಡನೆಯೂ ಉಸಿರಿಗೆ ಸೇರುವವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಅವರೂ ಅವರ ಜತೆಯ ಹರೀಂದ್ರನಾಥ್, ಓಂಪ್ರಕಾಶ್ ಮುಂತಾದವರೂ ಕರ್ನಾಟಕದ ರೇಷ್ಮೆ ಫಿಲೇಚರುಗಳ ಕೆಲಸಗಾರರನ್ನು ಪರೀಕ್ಷಿಸಿ, ಅವರಲ್ಲಿ ಉದ್ಯೋಗಜನ್ಯ ಗೂರಲು ಇರುವುದನ್ನು ೧೯೮೫ರಲ್ಲಿ ಪ್ರಕಟಿಸಿದರು. ಪಾರ್ಥೇನಿಯಂ ಗಿಡದ ಪರಾಗದಿಂದಾಗುವ ನೆಗಡಿಯನ್ನೂ ಇದೇ ಪ್ರಯೋಗಶಾಲೆ ಶೋಧಿಸಿತು. ಮಂಡ್ಯಕ್ಕೆ ಕೆಲವೇ ಗಂಟೆಗಳ ದಾರಿಯಲ್ಲಿ, ನಮ್ಮ ನೆಲದ ಗಿಡವನ್ನೂ ಹುಳುವನ್ನೂ ಹಿಡಿದು ನಡೆದ ಈ ಕೆಲಸವು ಇನ್ನೂ ಹೆಚ್ಚು ಪ್ರಸಿದ್ಧವಾಗಬೇಕಾಗಿತ್ತು. ಬೆಂಗಳೂರಿನ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಇಪ್ಪತ್ತು ಸಾವಿರ ಮಕ್ಕಳ ಲೆಕ್ಕವಿಟ್ಟು, ಗೂರಲಿನ ಪ್ರಮಾಣ ೧೯೭೯ರಲ್ಲಿ ಶೇಕಡ ೯ ಇದ್ದುದು ೧೯೯೯ಕ್ಕೆ ಶೇಕಡ ೨೯.೫ ಆಯಿತೆಂದು ತೋರಿಸಿದರು. ಆಸ್ಪತ್ರೆಯ ಲೆಕ್ಕವನ್ನು ಊರಿನ ಲೆಕ್ಕವೆಂದು ಭಾವಿಸಲಾಗದು. ಆದರೂ ಏರಿಕೆಯ ಜಾಡು ಸ್ಪಷ್ಟವಾಗಿದೆ.

ವಿಷಯದ ಒಳಹೊಗುವ ಮೊದಲು ಗ್ರಾಹಕವೆಂಬ ಪದವನ್ನು ವಿವರಿಸಬೇಕು. ಇಲ್ಲಿ ಗ್ರಾಹಕವೆಂದರೆ ಅಂಗಡಿಯ ಗಿರಾಕಿಯಲ್ಲ. ಜೀವಕೋಶದ ಹೊರಪೊರೆಯ ಮೇಲೆ, ಕೆಲವೊಮ್ಮೆ ಒಳಗೆ, ಇರುವ ಒಂದು ಪ್ರೋಟೀನು. ತನಗೆ ಒಪ್ಪುವ ರಾಸಾಯನಿಕವು ಬಂದು ಸೇರಿದಾಗ ಕೋಶದೊಳಕ್ಕೆ ಸುದ್ದಿ ಮುಟ್ಟಿಸುವಂಥದು. ಜರ್ಮನಿಯ ಪಾಲ್ ಏರ್ಲಿಕ್ಕನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಕೇಂಬ್ರಿಜ್ಜಿನ ಲ್ಯಾಂಗ್ಲಿಯು ೧೯೦೫ರಲ್ಲಿಯೂ ಇಂಥದೊಂದು ಇರಲೇಬೇಕೆಂದು ಬೇರೆಬೇರೆಯಾಗಿ ಊಹಿಸಿದರು. ಆಗ ಅದು ಊಹೆಯೇ. ಇದೇ ಏರ್ಲಿಕ್ಕನು ಯುವಕನಾಗಿದ್ದಾಗ ಬಣ್ಣಗಳಿಂದ ಕೋಶಗಳನ್ನು ಬೇರ್ಪಡಿಸಿ ೧೮೭೮ರಲ್ಲಿ ಮಾಸ್ಟ್ ಕೋಶಗಳನ್ನೂ ಮರುವರ್ಷ ಇಯೋಸಿನೊಫಿಲುಗಳನ್ನೂ ಗುರುತಿಸಿದ್ದನು. ಗೂರಲಿನ ಕಥೆಯ ಇಬ್ಬರು ಮುಖ್ಯ ಪಾತ್ರಧಾರಿಗಳನ್ನೂ ಗ್ರಾಹಕವೆಂಬ ಕಲ್ಪನೆಯನ್ನೂ ಒಬ್ಬನೇ ಕೊಟ್ಟನು. ಆದರೆ ಇವಕ್ಕೂ ಅದಕ್ಕೂ ಇರುವ ನಂಟು ಸ್ಪಷ್ಟವಾಗಲು ಮುಕ್ಕಾಲು ಶತಮಾನಕ್ಕೂ ಮಿಕ್ಕಿ ಹಿಡಿಯಿತು.

ಗ್ರಾಹಕವನ್ನು ಬೀಗಕ್ಕೂ ರಾಸಾಯನಿಕವನ್ನು ಕೀಲಿಗೂ ಹೋಲಿಸುವುದು ಪಾಠಪುಸ್ತಕಗಳ ವಾಡಿಕೆ. ನಾಲೆಯ ಸೀಮೆಯಲ್ಲಿರುವ ನಮಗೆ ತೂಬು ಹೆಚ್ಚು ಒಪ್ಪುವ ಹೋಲಿಕೆಯಾಗಿ ತೋರಿತು. ನೀರುಗಂಟಿಯು ತೂಬನ್ನು ಎತ್ತಿದರೆ ಗದ್ದೆಗೆ ನೀರು ಹರಿಯುವುದು, ಇಳಿಸಿದರೆ ನಿಲ್ಲುವುದು. ಬೀಗವು ಎಷ್ಟು ಸಲ ತೆರೆದರೂ ಅದೇ ಬೀಗವಾಗಿರುತ್ತದೆ. ತೂಬಿನ ಸಂಗತಿ ಹಾಗಲ್ಲ. ಹರಿಯುವ ನೀರೇ ತೂಬಿನ ಬಾಯನ್ನು ಕೊರೆದು ಅಗಲಮಾಡುವುದುಂಟು, ಹೂಳು ತುಂಬಿ ಕಿರಿದುಮಾಡುವುದೂ ಉಂಟು. ಗೂರಲಿನಲ್ಲಿ ಆಗುವುದು ಇದು. ಉರಿಯೂತದ ರಾಸಾಯನಿಕಗಳು ಗ್ರಾಹಕಗಳನ್ನು ಬಳಸಿಕೊಂಡು ಸುಮ್ಮನಾಗುವುದಿಲ್ಲ. ಗ್ರಾಹಕಗಳ ಸಂಖ್ಯೆಯನ್ನೂ ಚುರುಕನ್ನೂ ಮಾರ್ಪಡಿಸಿ ಹೋಗುವವು. ಆದುದರಿಂದ ಇಂದಿನ ಉಬ್ಬಸವು ನಿನ್ನೆಯ ಉಬ್ಬಸದ ಮರುಕಳಿಕೆ ಮಾತ್ರವಲ್ಲ. ನಿನ್ನೆಯದು ಮಾಡಿಟ್ಟ ಏರ್ಪಾಟಿನ ಫಲ. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಈ ದಾರಿಯಲ್ಲಿದೆ.

ಮೊದಲನೆಯ ನಿದರ್ಶನ ಇಮ್ಯುನೊಗ್ಲಾಬ್ಯುಲಿನ್-ಇ ಎಂಬುದು. ಅದರ ಪತ್ತೆಯ ಕಥೆ ಹೇಳತಕ್ಕಂಥದೇ. ಹೈಂಜ್ ಕ್ಯೂಸ್ಟ್ನರ್ ಎಂಬ ಜರ್ಮನ್ ವೈದ್ಯನಿಗೆ ಮೀನು ತಿಂದರೆ ಮೈಯೆಲ್ಲ ದದ್ದು. ೧೯೨೧ರಲ್ಲಿ ಅವನೂ ಕಾರ್ಲ್ ಪ್ರಾಸ್ನಿಟ್ಸನೂ ಪ್ರಕಟಿಸಿದ ಪ್ರಯೋಗವಿದು: ಕ್ಯೂಸ್ಟ್ನರನ ರಕ್ತದ ತಿಳಿಯನ್ನು ಪ್ರಾಸ್ನಿಟ್ಸನ ಚರ್ಮಕ್ಕೆ ಚುಚ್ಚಿ ಮಾರನೆಯ ದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದರು, ಮೀನಿನಿಂದ ಯಾವ ತೊಂದರೆಯೂ ಇಲ್ಲದ ಪ್ರಾಸ್ನಿಟ್ಸನ ಚರ್ಮದಲ್ಲಿ ದದ್ದೆದ್ದಿತು. ರಕ್ತದಲ್ಲಿ ಏನೋ ಒಂದಿದೆ, ಅದು ಚರ್ಮದಲ್ಲಿ ಹೋಗಿ ಅಂಟಿಕೊಳ್ಳುತ್ತದೆ ಎಂಬುದು ಸಿದ್ಧವಾಯಿತು. ಆ ‘ಏನೋ’ ಎಂಬುದನ್ನು ಅಮೆರಿಕದ ಡೆನ್ವರಿನಲ್ಲಿ ಇಷಿಜಾಕ ದಂಪತಿಗಳು ೧೯೬೬ರಲ್ಲಿ ಬೇರ್ಪಡಿಸಿದರು. ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರು ಬೇರೆ ದಾರಿಯಿಂದ ಅದೇ ಪ್ರೋಟೀನನ್ನು ಮುಟ್ಟಿದರು.

ಈಗ ಮಳವಳ್ಳಿಯ ತಾಯಿಯ ಹನ್ನೊಂದು ವರ್ಷಗಳನ್ನು ಈ ಬೆಳಕಿನಲ್ಲಿ ನೋಡೋಣ. ಉಸಿರಿನಲ್ಲಿ ಸೇರಿದ ಗೂಡಿನ ಪ್ರೋಟೀನನ್ನು ಶ್ವಾಸನಾಳದ ಪೊರೆಯಲ್ಲಿರುವ ಕಾವಲು ಕೋಶಗಳು ಹಿಡಿದು ಟಿ-ಲಸಿಕಾಕೋಶಗಳಿಗೆ ತೋರಿಸುವವು. ಬಹುಮಂದಿಯಲ್ಲಿ ಅಷ್ಟಕ್ಕೇ ಮುಗಿಯುವುದು. ಕೆಲವರಲ್ಲಿ ಆ ಟಿ-ಕೋಶಗಳು ಇಂಟರ್‌ಲ್ಯೂಕಿನ್-೪, ಇಂಟರ್‌ಲ್ಯೂಕಿನ್-೧೩ ಎಂಬ ರಾಸಾಯನಿಕಗಳನ್ನು ಸ್ರವಿಸುವವು. ಇವು ಬಿ-ಕೋಶಗಳ ಗ್ರಾಹಕಗಳನ್ನು ಸೇರಿ, ಅವು ಇಮ್ಯುನೊಗ್ಲಾಬ್ಯುಲಿನ್-ಇ ತಯಾರಿಸುವಂತೆ ತಿರುಗಿಸುವವು. ಹೀಗೆ ಹುಟ್ಟಿದ ಪ್ರೋಟೀನು ಮಾಸ್ಟ್ ಕೋಶಗಳ ಮೇಲಿನ ಗ್ರಾಹಕಗಳಲ್ಲಿ ಹೋಗಿ ಕೂರುವುದು. ಇಷ್ಟರವರೆಗೆ ರೋಗಿಗೆ ಏನೂ ಗೊತ್ತಾಗದು. ಸೀನಿಲ್ಲ, ಕೆಮ್ಮಿಲ್ಲ. ಈ ಮೌನದ ಅವಧಿ ತಿಂಗಳುಗಳಾಗಬಹುದು, ವರ್ಷಗಳೂ ಆಗಬಹುದು.

ಮೌನವೆಂದೆವು, ಆದರೆ ಒಳಗೆ ಕೆಲಸ ನಡೆದೇ ಇರುತ್ತದೆ. ಮಾಸ್ಟ್ ಕೋಶದ ಈ ಗ್ರಾಹಕವು ಬರಿದಾಗಿದ್ದರೆ ಕೋಶವು ಅದನ್ನು ಒಳಕ್ಕೆಳೆದುಕೊಂಡು ಕರಗಿಸಿಬಿಡುವುದು. ಇಮ್ಯುನೊಗ್ಲಾಬ್ಯುಲಿನ್-ಇ ಅದರಲ್ಲಿ ಕುಳಿತಿದ್ದರೆ ಅದು ಹೊರಪೊರೆಯ ಮೇಲೆಯೇ ನಿಲ್ಲುವುದು. ಹಳೆಯವು ಹೋಗದೆ ಹೊಸವು ಬರುತ್ತಿದ್ದರೆ ಸಂಖ್ಯೆ ಬೆಳೆಯಲೇಬೇಕಷ್ಟೆ. ಇಂಟರ್‌ಲ್ಯೂಕಿನ್-೪ ಕೂಡ ಈ ಏರಿಕೆಗೆ ನೆರವಾಗುವುದು. ಇದು ಎಷ್ಟರಮಟ್ಟಿನ ಏರಿಕೆ ಎಂಬುದು ಗೊತ್ತಾದುದು ತಿರುಗುಮುರುಗಾದ ಒಂದು ಪ್ರಯೋಗದಿಂದ. ರಕ್ತದಲ್ಲಿನ ಇಮ್ಯುನೊಗ್ಲಾಬ್ಯುಲಿನ್-ಇಯನ್ನು ಹಿಡಿದುಹಾಕುವ ಓಮಲಿಜುಮ್ಯಾಬ್ ಎಂಬ ಔಷಧವನ್ನು ಅಲರ್ಜಿಯುಳ್ಳವರಿಗೆ ಮೂರು ತಿಂಗಳು ಕೊಟ್ಟು, ಮ್ಯಾಕ್‌ಗ್ಲಾಷನ್ ಮತ್ತು ಸಂಗಡಿಗರು ೧೯೯೭ರಲ್ಲಿ ಎಣಿಕೆಯನ್ನು ಪ್ರಕಟಿಸಿದರು. ಮಾಸ್ಟ್ ಕೋಶದ ದಾಯಾದಿಯಾದ ಬೇಸೊಫಿಲಿನ ಮೇಲೆ ಒಂದೊಂದರಲ್ಲಿಯೂ ಸುಮಾರು ೨,೨೦,೦೦೦ ಇದ್ದ ಗ್ರಾಹಕಗಳು ಸುಮಾರು ೮,೩೦೦ಕ್ಕೆ ಇಳಿದಿದ್ದವು. ಏರ್ಲಿಕ್ಕನು ಊಹಿಸಿದುದನ್ನು ನೂರು ವರ್ಷಗಳ ಮೇಲೆ ತಲೆಯೆಣಿಕೆ ಮಾಡಿದರೆಂಬುದು ಒಂದು ವಿಸ್ಮಯ; ಸಂಖ್ಯೆಯನ್ನು ಅಷ್ಟು ಎತ್ತರದಲ್ಲಿ ಹಿಡಿದು ನಿಲ್ಲಿಸಿದ್ದುದು ಆ ಪ್ರೋಟೀನೇ ಎಂಬುದು ಇನ್ನೊಂದು.

ಹನ್ನೆರಡನೆಯ ವರ್ಷದ ಒಂದು ದಿನ ಹೊಸದೇನೂ ಆಗಬೇಕಾಗಿಲ್ಲ. ಅದೇ ಬಾನಿ, ಅದೇ ಹಬೆ. ಆದರೆ ಈಗ ಮಾಸ್ಟ್ ಕೋಶದ ಮೇಲೆ ಗೂಡಿನ ಪ್ರೋಟೀನನ್ನು ಹಿಡಿಯಬಲ್ಲ ಕೈಗಳು ಒತ್ತೊತ್ತಾಗಿ ನಿಂತಿವೆ. ಒಂದೇ ಕಣವು ಎರಡನ್ನು ಒಟ್ಟಿಗೆ ಬಂಧಿಸಿದರೆ ಸಾಕು, ನಿಮಿಷಗಳಲ್ಲಿ ಕೋಶವು ತನ್ನ ಉಗ್ರಾಣವನ್ನು ಹೊರಚೆಲ್ಲುವುದು. ಗೂಡು ಬದಲಾಗಲಿಲ್ಲ, ಗೂಡನ್ನು ಎದುರುಗೊಳ್ಳುವ ದೇಹವು ಬದಲಾಯಿತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ಓಮಲಿಜುಮ್ಯಾಬ್ ಕೊಟ್ಟಾಗ ಗ್ರಾಹಕಗಳ ಇಳಿತವು ರಕ್ತದ ಬೇಸೊಫಿಲುಗಳಲ್ಲಿ ದಿನಗಳ ಲೆಕ್ಕದಲ್ಲಿ ಆದರೆ, ಅಂಗಾಂಶದಲ್ಲಿ ನೆಲಸಿದ ಮಾಸ್ಟ್ ಕೋಶಗಳಲ್ಲಿ ವಾರಗಳ ಲೆಕ್ಕದಲ್ಲಿ ಆಗುವುದು. ಮಾಸ್ಟ್ ಕೋಶಗಳು ದೀರ್ಘಾಯುಗಳು. ಕೆಲಸ ಬಿಟ್ಟ ಮರುದಿನವೇ ಅವು ಪೂರ್ವಸ್ಥಿತಿಗೆ ಬರುವುದೆಂದು ನಿರೀಕ್ಷಿಸಲಾಗದು.

ಉಗ್ರಾಣದಿಂದ ಹೊರಬೀಳುವವುಗಳಲ್ಲಿ ಹಿಸ್ಟಮಿನ್ ಎಲ್ಲರೂ ಬಲ್ಲ ಹೆಸರು. ಹೆನ್ರಿ ಡೇಲ್ ಮತ್ತು ಲೇಡ್ಲಾ ೧೯೧೦ರಲ್ಲಿ ಅದರ ಕ್ರಿಯೆಯನ್ನು ವರ್ಣಿಸಿದರು. ಹಿಸ್ಟಮಿನ್ ವಿರೋಧಿಗಳು ಬಂದಾಗ ಗೂರಲು ಗೆದ್ದೆವೆಂದೇ ಹಲವರು ತಿಳಿದರು. ನೆಗಡಿಗೆ ಅವು ಒದಗಿದವು, ಗೂರಲಿಗೆ ಅಷ್ಟಾಗಿ ಒದಗಲಿಲ್ಲ. ಬೇರೊಂದು ವಸ್ತು ಇದ್ದಿರಬೇಕೆಂಬುದಕ್ಕೆ ಸುಳಿವು ಸಿಕ್ಕಿದುದು ನಾಗರಹಾವಿನಿಂದ. ಮೆಲ್ಬರ್ನಿನಲ್ಲಿ ಫೆಲ್ಡ್‌ಬರ್ಗ್ ಮತ್ತು ಕೆಲವೇ ಎಂಬವರು ೧೯೩೮ರಲ್ಲಿ ನಾಗರಹಾವಿನ ವಿಷವನ್ನು ಪ್ರಾಣಿಯ ಶ್ವಾಸಕೋಶದ ಮೂಲಕ ಹರಿಸಿದಾಗ, ಮಾಂಸಖಂಡವನ್ನು ಮೆಲ್ಲಮೆಲ್ಲನೆ, ಆದರೆ ಬಹುಹೊತ್ತು ಸಂಕೋಚಗೊಳಿಸುವ ಒಂದು ವಸ್ತು ಹೊರಬಂದಿತು. ನಾಲ್ವತ್ತು ವರ್ಷ ಅದಕ್ಕೆ ಸರಿಯಾದ ಹೆಸರಿರಲಿಲ್ಲ. ೧೯೭೯ರಲ್ಲಿ ಸ್ಯಾಮುಯೆಲ್ಸನ್ ಅದರ ರಚನೆಯನ್ನು ಬಿಡಿಸಿದನು. ಲ್ಯೂಕೋಟ್ರೀನ್ ಎಂಬ ಹೆಸರು ನಿಂತಿತು. ೧೯೮೨ರ ನೊಬೆಲ್ ಪಾರಿತೋಷಕದಲ್ಲಿ ಅವನೂ ಒಬ್ಬ ಪಾಲುದಾರ. ಅದರ ಒಂದು ಗ್ರಾಹಕದ ಜೀನನ್ನು ೧೯೯೯ರಲ್ಲಿ ಬೇರ್ಪಡಿಸಿದರು. ಇಂದು ನಮ್ಮ ಪೇಟೆಯ ಔಷಧದಂಗಡಿಗಳಲ್ಲೆಲ್ಲ ಸಿಕ್ಕುವ ಮಾಂಟೆಲುಕಾಸ್ಟ್ ಗುಳಿಗೆಯು ಆ ಗ್ರಾಹಕವನ್ನು ಮುಚ್ಚುವಂಥದು.

ಇಲ್ಲಿಯೂ ತೂಬಿನ ಬಾಯಿ ಅಗಲವಾಗುವುದನ್ನು ಕಾಣಬಹುದು. ಇಂಟರ್‌ಲ್ಯೂಕಿನ್-೧೩ರ ಸಂಪರ್ಕಕ್ಕೆ ಬಂದ ರಕ್ತದ ಮಾನೊಸೈಟುಗಳೂ ಇಂಟರ್‌ಲ್ಯೂಕಿನ್-೫ರ ಸಂಪರ್ಕಕ್ಕೆ ಬಂದ ಇಯೋಸಿನೊಫಿಲ್ ಜಾತಿಯ ಕೋಶಗಳೂ ಲ್ಯೂಕೋಟ್ರೀನ್ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುವವೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಒಂದು ರಾಸಾಯನಿಕವು ಇನ್ನೊಂದರ ಬರವಿಗೆ ಬಾಗಿಲನ್ನು ದೊಡ್ಡದು ಮಾಡಿಡುವುದು. ಲ್ಯೂಕೋಟ್ರೀನಿನ ಪ್ರಮಾಣ ಅಷ್ಟೇ ಇದ್ದರೂ ಪರಿಣಾಮ ಹೆಚ್ಚುವುದು.

ಎಲ್ಲವೂ ಹೆಚ್ಚುತ್ತಲೇ ಹೋಗುವುದೆಂದು ಭಾವಿಸಬಾರದು. ಇಂಟರ್‌ಲ್ಯೂಕಿನ್-೫ರ ನಡತೆ ಇದಕ್ಕೆ ವ್ಯತಿರಿಕ್ತ. ಇಯೋಸಿನೊಫಿಲುಗಳನ್ನು ಮಜ್ಜೆಯಲ್ಲಿ ಬೆಳೆಸುವುದೂ ಬದುಕಿಸುವುದೂ ಅದರ ಕೆಲಸ. ಆದರೆ ಅದರ ಸಂಪರ್ಕವಾದ ಮೇಲೆ ಇಯೋಸಿನೊಫಿಲು ಆ ಗ್ರಾಹಕವನ್ನೇ ತನ್ನ ಮೈಮೇಲಿನಿಂದ ಕಳೆದುಕೊಳ್ಳುವುದು. ರಕ್ತದಲ್ಲಿರುವ ಇಯೋಸಿನೊಫಿಲುಗಳಿಗೆ ಹೋಲಿಸಿದರೆ ಶ್ವಾಸನಾಳಕ್ಕೆ ಬಂದು ಸೇರಿದವುಗಳ ಮೇಲೆ ಇಂಟರ್‌ಲ್ಯೂಕಿನ್-೫ರ ಗ್ರಾಹಕ ಕಡಮೆಯೆಂದು ೨೦೦೨ರಲ್ಲಿ ಪ್ರಕಟವಾಯಿತು. ಹಳ್ಳಿಯಲ್ಲಿ ಸಾಕಿದ ಮಗ ಪಟ್ಟಣ ಸೇರಿ ತಂದೆಯ ಮಾತು ಕೇಳದಂತಾಗುವುದನ್ನು ಇದು ಹೋಲುವುದು. ಇದರ ಫಲವೇನೆಂಬುದು ಮರುವರ್ಷದ ಒಂದು ಪ್ರಯೋಗದಿಂದ ತೋರಿತು: ಇಂಟರ್‌ಲ್ಯೂಕಿನ್-೫ನ್ನು ತಡೆಯುವ ಮೆಪೊಲಿಜುಮ್ಯಾಬ್ ಕೊಟ್ಟಾಗ ರಕ್ತದ ಇಯೋಸಿನೊಫಿಲುಗಳು ಹೆಚ್ಚುಕಡಮೆ ಪೂರ್ತಿ ಮಾಯವಾದರೂ ಶ್ವಾಸನಾಳದಲ್ಲಿ ಅರ್ಧದ ಮೇಲಷ್ಟೇ ಇಳಿದವು. ಮುಂದೆ ತಕ್ಕ ರೋಗಿಗಳನ್ನು ಆರಿಸಿ ಕೊಟ್ಟು ಆ ಔಷಧವು ಸಾರ್ಥಕವಾಯಿತು. ೨೦೧೫ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಇದಕ್ಕೆ ಹೋಲಿಸಿದರೆ, ಪ್ರಾಸ್ಟಗ್ಲಾಂಡಿನ್-ಡಿ೨ ಎಂಬುದರ ಗ್ರಾಹಕವೊಂದನ್ನು ಮುಚ್ಚಲು ಹೊರಟ ಫೆವಿಪಿಪ್ರಾಂಟ್ ಎಂಬ ಗುಳಿಗೆ ಬಹಳ ಆಸೆ ಹುಟ್ಟಿಸಿ, ೨೦೧೯ರ ದೊಡ್ಡ ಪರೀಕ್ಷೆಗಳಲ್ಲಿ ಸೋತಿತು. ಒಂದು ತೂಬನ್ನು ಮುಚ್ಚಿದರೆ ನೀರು ಇನ್ನೊಂದರಲ್ಲಿ ಹರಿಯುವುದೆಂಬುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ತಾಯಿಯ ಉಬ್ಬಸವು ಗೂಡನ್ನು ಬಿಟ್ಟು ಊದುಬತ್ತಿಗೂ ಥಂಡಿಗಾಳಿಗೂ ಹಬ್ಬಿದುದೇಕೆ? ಊದುಬತ್ತಿಯ ಹೊಗೆಗೆ ಆಕೆಯ ದೇಹದಲ್ಲಿ ಇಮ್ಯುನೊಗ್ಲಾಬ್ಯುಲಿನ್-ಇ ಇರಬೇಕಾಗಿಲ್ಲ. ಇಲ್ಲಿ ನಮಗೆ ದತ್ತೂರಿಯ ಚರಿತ್ರೆ ನೆರವಾಗುವುದು. ಒಣಗಿಸಿದ ದತ್ತೂರಿಯನ್ನು ಚಿಲುಮೆಯಲ್ಲಿ ಸೇದಿ ಉಬ್ಬಸ ಇಳಿಸಿಕೊಳ್ಳುವುದು ನಮ್ಮ ದೇಶದ ಹಳೆಯ ಪದ್ಧತಿ. ಮದರಾಸಿನಲ್ಲಿದ್ದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ ೧೮೦೨ರಲ್ಲಿ ಇದನ್ನು ಬ್ರಿಟನ್ನಿಗೆ ಒಯ್ದನು. ಆ ಶತಮಾನವಿಡೀ ಅಲ್ಲಿ ದತ್ತೂರಿಯ ಸಿಗರೇಟುಗಳು ಮಾರಾಟವಾದವು. (ದತ್ತೂರಿಯು ವಿಷ, ಪ್ರಮಾಣ ತಪ್ಪಿದರೆ ಹುಚ್ಚು, ಇನ್ನೂ ತಪ್ಪಿದರೆ ಸಾವು. ಇದನ್ನು ಓದಿ ಯಾರೂ ಚಿಲುಮೆ ಹುಡುಕಬಾರದು.) ಅದರಲ್ಲಿನ ಅಟ್ರೊಪಿನ್ ಮುಂತಾದವು ಶ್ವಾಸನಾಳದ ನರದಿಂದ ಒಸರುವ ಅಸಿಟೈಲ್‌ಕೋಲೀನ್ ಎಂಬುದರ ಗ್ರಾಹಕಗಳನ್ನು ಮುಚ್ಚುವವು, ಬಿಗಿದ ನಾಳ ಸಡಿಲವಾಗುವುದು.

ಈ ಗ್ರಾಹಕಗಳಲ್ಲಿ ಎರಡು ಬಗೆ ನಮಗೆ ಮುಖ್ಯ. ನಾಳದ ಸುತ್ತಣ ಮಾಂಸಖಂಡದ ಮೇಲಿರುವ ಎಂ-೩ ಎಂಬುದು ಬಿಗಿತವನ್ನು ತರುವುದು. ನರದ ತುದಿಯಲ್ಲಿಯೇ ಇರುವ ಎಂ-೨ ಎಂಬುದು, ಅಸಿಟೈಲ್‌ಕೋಲೀನ್ ಸಾಕಷ್ಟು ಹೊರಬಂದಿತು, ಇನ್ನು ನಿಲ್ಲಿಸು ಎಂದು ನರಕ್ಕೆ ಕಡಿವಾಣ ಹಾಕುವುದು. ಜೇಕಬಿ, ಗ್ಲೈಶ್, ಫ್ರೈಯರ್ ಎಂಬ ಮೂವರು ೧೯೯೩ರಲ್ಲಿ ತೋರಿಸಿದುದೇನೆಂದರೆ, ಇಯೋಸಿನೊಫಿಲುಗಳು ಚೆಲ್ಲುವ ಒಂದು ಪ್ರೋಟೀನು ಈ ಎಂ-೨ ಗ್ರಾಹಕವನ್ನು ಹಿಡಿದು ನಿಷ್ಕ್ರಿಯಗೊಳಿಸುವುದು. ಕಡಿವಾಣ ಹೋದ ಮೇಲೆ ನರವು ಸಣ್ಣ ಕೆರಳಿಕೆಗೂ ಅತಿಯಾಗಿ ಒಸರುವುದು. ಹೊಗೆ, ಥಂಡಿಗಾಳಿ, ನಗು, ಓಟ, ಯಾವುದಾದರೂ ಆದೀತು. ಉರಿಯೂತವನ್ನು ಹಚ್ಚಿದುದು ಗೂಡು. ಹಚ್ಚಿದ ಮೇಲೆ ಅದನ್ನು ಕೆರಳಿಸಲು ಗೂಡೇ ಬೇಕಾಗಿಲ್ಲ. ಉದ್ಯೋಗದಿಂದ ಬಂದ ಗೂರಲು ಉದ್ಯೋಗ ಬಿಟ್ಟ ಮೇಲೂ ಬಹುಮಂದಿಯಲ್ಲಿ ಉಳಿದುಬಿಡುವುದಕ್ಕೆ ಇದೊಂದು ಕಾರಣ. ದೀರ್ಘಕಾಲದ ಉರಿಯೂತದಿಂದ ನಾಳದ ಗೋಡೆ ದಪ್ಪವಾಗುವುದು ಇನ್ನೊಂದು. ರೋಗ ಕಾಣಿಸಿದೊಡನೆ ಗೂಡಿನಿಂದ ದೂರವಾದವರಿಗೆ ಗುಣವಾಗುವ ಸಂಭವ ಹೆಚ್ಚು, ತಡಮಾಡಿದವರಿಗೆ ಕಡಮೆ.

ಕೊನೆಯದಾಗಿ ಔಷಧಗಳ ಗ್ರಾಹಕಗಳ ಮಾತು. ನಮ್ಮ ಪಾಲಿಗೆ ಎಲ್ಲಕ್ಕಿಂತ ತುರ್ತಿನದು ಇದು. ಉಬ್ಬಸ ಬಂದಾಗ ಸೇದುವ ಸಾಲ್ಬುಟಮಾಲ್ ಮುಂತಾದವು ಮಾಂಸಖಂಡದ ಬೀಟಾ-೨ ಗ್ರಾಹಕಗಳನ್ನು ಸೇರಿ ನಾಳವನ್ನು ಕೂಡಲೇ ಸಡಿಲಗೊಳಿಸುವವು. ಉರಿಯೂತವನ್ನು ಅವು ಮುಟ್ಟುವುದಿಲ್ಲ. ಪದೇಪದೇ ಬಳಸಿದರೆ ಆ ಗ್ರಾಹಕಗಳು ಮೊಂಡಾಗುವವು. ಉರಿಯೂತದ ರಾಸಾಯನಿಕವಾದ ಇಂಟರ್‌ಲ್ಯೂಕಿನ್-೧ ಬೀಟಾ ಕೂಡ ಅವುಗಳ ಕೆಲಸಕ್ಕೆ ಅಡ್ಡಿಯಾಗುವುದು. ೧೯೬೦ರ ದಶಕದಲ್ಲಿ ಬ್ರಿಟನ್ ಮೊದಲಾದ ಕೆಲವು ದೇಶಗಳಲ್ಲಿ ಐಸೊಪ್ರಿನಲಿನ್ ಎಂಬ ಔಷಧವನ್ನು ಪ್ರಬಲ ಪ್ರಮಾಣದಲ್ಲಿ ತುಂಬಿದ ಸೇದುಕೊಳವೆಗಳು ಪ್ರಚಾರಕ್ಕೆ ಬಂದವು; ಅದೇ ಕಾಲದಲ್ಲಿ ಗೂರಲಿನಿಂದ ಸಾಯುವ ಎಳೆಯರ ಸಂಖ್ಯೆಯೂ ಏರಿತು; ಎಚ್ಚರಿಕೆ ಕೊಟ್ಟು ಮಾರಾಟ ತಗ್ಗಿದ ಮೇಲೆ ಇಳಿಯಿತು. ಔಷಧವೇ ಕೊಂದಿತೋ, ತಾತ್ಕಾಲಿಕ ಸುಖವನ್ನು ನಂಬಿ ಆಸ್ಪತ್ರೆಗೆ ತಡವಾಗಿ ಬಂದುದು ಕೊಂದಿತೋ ಎಂಬ ವಾದ ಇಂದಿಗೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಎರಡಕ್ಕೂ ಪಾಲಿದೆ.

ಉರಿಯೂತವನ್ನೇ ಹಿಡಿಯುವುದು ಸ್ಟಿರಾಯ್ಡ್. ಅದರ ಗ್ರಾಹಕವು ಕೋಶದ ಒಳಗಿರುವುದು; ಸ್ಟಿರಾಯ್ಡಿನೊಡನೆ ಸೇರಿ ಕೋಶಕೇಂದ್ರಕ್ಕೆ ಹೋಗಿ, ಇಂಟರ್‌ಲ್ಯೂಕಿನುಗಳನ್ನು ತಯಾರಿಸುವ ಜೀನುಗಳ ಬಾಯಿ ಕಟ್ಟುವುದು; ಬೀಟಾ-೨ ಗ್ರಾಹಕಗಳ ತಯಾರಿಕೆಯನ್ನು ಹೆಚ್ಚಿಸುವುದು. ಆದರೆ ಇಲ್ಲಿಯೂ ಉರಿಯೂತವು ಕೈಯಾಡಿಸದೆ ಬಿಟ್ಟಿಲ್ಲ. ಇಷಿಜಾಕ ದಂಪತಿಗಳಿದ್ದ ಅದೇ ಡೆನ್ವರ್ ನಗರದಲ್ಲಿ ಡೊನಾಲ್ಡ್ ಲಿಯುಂಗ್ ಮತ್ತು ಸಂಗಡಿಗರು ೧೯೯೦ರ ದಶಕದಲ್ಲಿ, ಸ್ಟಿರಾಯ್ಡಿಗೆ ಜಗ್ಗದ ರೋಗಿಗಳ ಟಿ-ಕೋಶಗಳನ್ನು ಪರೀಕ್ಷಿಸಿದರು. ಹಲವರಲ್ಲಿ ಆ ಗ್ರಾಹಕವು ಸ್ಟಿರಾಯ್ಡನ್ನು ಹಿಡಿಯುವ ಬಿಗಿ ಕುಗ್ಗಿತ್ತು. ಆ ಕೋಶಗಳನ್ನು ದೇಹದ ಹೊರಗೆ ಎರಡು ದಿನ ಬೆಳೆಸಿದಾಗ ಬಿಗಿ ಮರಳಿತು; ಇಂಟರ್‌ಲ್ಯೂಕಿನ್-೨ ಮತ್ತು ೪ನ್ನು ಕೂಡಿಸಿ ಬೆಳೆಸಿದಾಗ ಮರಳಲಿಲ್ಲ. ದೋಷವು ರೋಗಿಯ ಹುಟ್ಟಿನಲ್ಲಿರಲಿಲ್ಲ, ಉರಿಯೂತದಲ್ಲಿತ್ತು. ಬೆಂಕಿಯು ತನ್ನನ್ನು ಆರಿಸಲು ಬಂದವನ ಕೈಯನ್ನೇ ಸುಟ್ಟಂತೆ.

ನಮ್ಮ ಸೀಮೆಯಲ್ಲಿ ಈ ವಿಷಯವು ಗ್ರಂಥಾಲಯದ ಮಾತಾಗಿ ಉಳಿಯುವುದಿಲ್ಲ. ಸೇದುವ ಔಷಧವೆಂದರೆ ಅದು ಕೊನೆಯ ಘಟ್ಟದವರಿಗೆ, ಹಿಡಿದರೆ ಬಿಡದ ಚಟ ಎಂಬ ನಂಬಿಕೆ ಬಲವಾಗಿದೆ. ನೀಲಿ ಕೊಳವೆಯನ್ನು ಕಷ್ಟಕ್ಕೆಂದು ಇಟ್ಟುಕೊಂಡು, ದಿನನಿತ್ಯದ ಸ್ಟಿರಾಯ್ಡ್ ಕೊಳವೆಯನ್ನು ಸ್ವಲ್ಪ ಗುಣವಾದೊಡನೆ ಅಟ್ಟಕ್ಕೆ ಹಾಕುವರು. ಹೊರಗೆ ಸದ್ದಿಲ್ಲದಿರುವಾಗ ಒಳಗೆ ಗ್ರಾಹಕಗಳು ಏರುತ್ತಿರುವುದು ಯಾರಿಗೂ ಕೇಳಿಸದು. ಗೂರಲಿನ ಚಿಕಿತ್ಸೆಗೆ ಜಗತ್ತಿನಾದ್ಯಂತ ಮಾರ್ಗದರ್ಶನ ನೀಡುವ ಜೀನಾ ಮಂಡಲಿಯು ೨೦೧೯ರಲ್ಲಿ, ಹದಿಹರೆಯದವರಿಗೂ ವಯಸ್ಕರಿಗೂ ಸಡಿಲಗೊಳಿಸುವ ಔಷಧವನ್ನು ಮಾತ್ರವೇ ಕೊಡುವುದು ಸಲ್ಲದು, ಜತೆಗೆ ಸ್ಟಿರಾಯ್ಡ್ ಇರಬೇಕು ಎಂದು ತನ್ನ ಹಳೆಯ ಸಲಹೆಯನ್ನೇ ತಿದ್ದಿತು. ಅರ್ಧ ಶತಮಾನದಿಂದ ನಡೆದುಬಂದ ರೂಢಿಯನ್ನು ಹೀಗೆ ಬಹಿರಂಗವಾಗಿ ಕೈಬಿಟ್ಟ ನಿದರ್ಶನ ವೈದ್ಯದ ಚರಿತ್ರೆಯಲ್ಲಿ ಹೆಚ್ಚಿಲ್ಲ. ಮೇಲೆ ಹೇಳಿದ ಓಮಲಿಜುಮ್ಯಾಬ್, ಮೆಪೊಲಿಜುಮ್ಯಾಬ್ ಮುಂತಾದವು ನೂಲು ಬಿಚ್ಚುವವರ ಕೂಲಿಗೆ ಎಟಕುವ ಬೆಲೆಯವಲ್ಲ. ಸ್ಟಿರಾಯ್ಡ್ ಕೊಳವೆ ಎಟಕುವುದು.

ನಮ್ಮ ವಿದ್ಯಾರ್ಥಿಗೆ ಇದನ್ನೆಲ್ಲ ಹೇಳಿದಾಗ ಅವನು ತೂಬಿನ ಹೋಲಿಕೆಯನ್ನು ತಕ್ಷಣ ಹಿಡಿದುಕೊಂಡನು. ಅವನ ತಂದೆ ನಾಲೆಯ ಕೊನೆಭಾಗದ ರೈತ. ಆ ಸಂಜೆ ಮನೆಯಲ್ಲಿ ಅಟ್ಟದ ಮೇಲಿಂದ ಕೊಳವೆಯನ್ನು ಇಳಿಸಿದರಂತೆ, ಅವಧಿ ಮುಗಿದಿತ್ತು. ಮರುದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೊಸದನ್ನು ತಂದರು. ಈಗ ಆಕೆ ಬಾನಿಯ ಕೆಲಸಕ್ಕೆ ಹೋಗುವುದಿಲ್ಲ, ಮನೆಯ ಬಳಿ ಎರಡು ಹಸು ಕಟ್ಟಿಕೊಂಡಿದ್ದಾರೆ. ಮಾಗಿಯಲ್ಲಿ ಒಂದೆರಡು ರಾತ್ರಿ ಕುಳಿತಿರಬೇಕಾಯಿತೆಂದೂ ಸೂಜಿಗೆ ಹೋಗಬೇಕಾಗಲಿಲ್ಲವೆಂದೂ ಅವನು ಹೇಳಿದನು. ಅವನ ಚಿಕ್ಕಮ್ಮ ಅದೇ ಬಾನಿಯ ಮುಂದೆ ಒಂಬತ್ತನೆಯ ವರ್ಷದಲ್ಲಿದ್ದಾಳೆ. ಕಳೆದ ತಿಂಗಳಿಂದ ಬೆಳಗ್ಗೆ ಸೀನುತ್ತಿದ್ದಾಳೆ. ಅವಳನ್ನು ಪರೀಕ್ಷೆಗೆ ಕರೆದೊಯ್ಯಲು ಅವನು ಬರುವ ಸೋಮವಾರ ರಜೆ ಕೇಳಿದ್ದಾನೆ.